ಸುಣ್ಣದ ಗೆರೆಯೊಳಗೆ ಕೂತ ಚಿಕ್ಕಮ್ಮನಿಗೆ

ಚಿಕ್ಕಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಪತ್ರ ಎಂದುಕೊಂಡು ಓದಲು ಕೂರಬೇಡ. ಕ್ಷಮೆ ಮುಂದೆ ಎಲ್ಲೋ ಬರುತ್ತದೆ, ಅದಕ್ಕೂ ಮುಂಚೆ ನನ್ನ ಸಿಟ್ಟು ಮುಗಿಯಬೇಕು. ಐದು ವಾರದಿಂದ ನೀನು ಫೋನ್ ಎತ್ತಿಲ್ಲ. ಬಾಗಿಲಿಗೆ ಬಂದರೆ ಹೊಲಿಗೆ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತೀಯ. ಮೊನ್ನೆ ಹೊಸ್ತಿಲ ಮೇಲೆ ನಿಂತು ನಾನು ಹತ್ತು ನಿಮಿಷ ಮಾತಾಡಿದೆ, ನೀನು ತಲೆ ಎತ್ತದೆ ಒಂದೇ ತೋಳಿಗೆ ಹತ್ತು ನಿಮಿಷ ಹೊಲಿಗೆ ಹಾಕಿದೆ. ಆ ಅಂಗಿ ಹರಿದರೂ ಆ ತೋಳು ಮಾತ್ರ ಬಿಚ್ಚುವುದಿಲ್ಲ ಬಿಡು. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ನೀನು ಎಷ್ಟು ಬೇಕಾದರೂ ಮಿಷನ್ ತುಳಿದುಕೋ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ, ಸಿಟ್ಟಿನಲ್ಲಿರುವವರ ಅಭ್ಯಾಸ ಅದು. ನಮ್ಮ ಬೀದಿಯ ಅರವತ್ತು ಮನೆಗಳ ಗೋಡೆಗಳು ಬಿರುಕು ಬಿಟ್ಟಿವೆ, ಕೆಡವಲೇಬೇಕು. ಕೆಡವಿದ ಮೇಲೆ ನೀವೆಲ್ಲ ಎಲ್ಲಿಗೆ ಎನ್ನುವುದೇ ಪ್ರಶ್ನೆ. ನಗರಸಭೆ ಊರಾಚೆ ಕಟ್ಟಿ ನಿಲ್ಲಿಸಿರುವ ಹನ್ನೆರಡು ಅಂತಸ್ತಿನ ಕಟ್ಟಡಕ್ಕೆ ಹೋಗಬೇಕು, ಇಲ್ಲವೇ ಇದೇ ಜಾಗದಲ್ಲಿ ಹೊಸ ಮನೆ ಕಟ್ಟಿಸಿಕೊಳ್ಳಬೇಕು. ಇಲ್ಲೇ ಕಟ್ಟಬೇಕಾದರೆ ಬೀದಿಯ ಅರ್ಧಕ್ಕಿಂತ ಹೆಚ್ಚು ಮನೆಗಳು ಒಂದು ನಕ್ಷೆಗೆ ಒಪ್ಪಿ ಕೈ ಎತ್ತಬೇಕು. ಆ ನಕ್ಷೆಯ ಕೆಲಸ ನಮ್ಮ ಆಫೀಸಿಗೆ ಬಂತು, ನಾನು ಬೆಳೆದ ಬೀದಿ ಎಂಬ ಕಾರಣಕ್ಕೆ ನಮ್ಮ ದೊಡ್ಡವರು ಅದನ್ನು ನನ್ನ ಕೈಗೇ ಕೊಟ್ಟರು. ಅವತ್ತು ನಿನ್ನ ಮನೆಗೆ ಓಡಿಬಂದು ಹೇಳಿದೆನಲ್ಲ, ನೀನು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ಒಳ್ಳೇದಾಯ್ತು. ನಾವು ನಿನ್ನ ಕಣ್ಣಿಗೆ ಕಾಣಿಸ್ತಾ ಇರ್ಬೇಕು, ಅಷ್ಟೆ" ಅಂದೆ. ನಾನದನ್ನು ಆಶೀರ್ವಾದ ಎಂದುಕೊಂಡು ಕಾಲಿಗೆ ಬಿದ್ದೆ. ಎಚ್ಚರಿಕೆ ಎಂದು ಹೊಳೆಯಲಿಲ್ಲ.

ಜನರನ್ನು ಕೇಳಿ ಮನೆ ಕಟ್ಟುವುದು ಎಂದರೆ ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಕೇಳಿ ನೋಡಬೇಕು. ಹನ್ನೊಂದು ಸಭೆ ಮಾಡಿದೆ ಚಿಕ್ಕಮ್ಮ, ಶಾಲೆಯ ಆ ಉದ್ದ ಕೋಣೆಯಲ್ಲಿ, ಸಣ್ಣ ಮಕ್ಕಳ ಬೆಂಚುಗಳ ಮೇಲೆ ದೊಡ್ಡವರನ್ನು ಕೂರಿಸಿ. ಮೈಕು ಹಾಕಿದರೆ ಕಿರುಚುತ್ತಿತ್ತು, ಹಾಕದಿದ್ದರೆ ಹಿಂದಿನವರು ಕಿರುಚುತ್ತಿದ್ದರು. "ನಿಮ್ಮ ಬೀದಿ ಹೇಗಿರ್ಬೇಕು, ಕಣ್ಣು ಮುಚ್ಕೊಂಡು ಯೋಚನೆ ಮಾಡಿ" ಎಂದರೆ ಮುಂದಿನ ಸಾಲಿನ ಇಬ್ಬರು ನಿಜವಾಗಿಯೂ ನಿದ್ದೆ ಹೋದರು. ಒಬ್ಬರು ಎದ್ದು ಸೊಳ್ಳೆಗೆ ಏನು ಮಾಡುತ್ತೀರಿ ಎಂದರು. ಇನ್ನೊಬ್ಬರು ಪಕ್ಕದ ಮನೆಯವರ ಮೇಲೆ ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ಚರಂಡಿ ಜಗಳವನ್ನು ನನ್ನ ಮಡಿಲಿಗೆ ಹಾಕಿ ಹಗುರಾಗಿ ಹೋದರು. ಬಿಸ್ಕತ್ತು ಬರುವ ಹೊತ್ತಿಗೆ ಸರಿಯಾಗಿ ಬಂದು, ಬಿಸ್ಕತ್ತು ಮುಗಿಯುವ ಹೊತ್ತಿಗೆ ಸರಿಯಾಗಿ ಏಳುವವರ ಲೆಕ್ಕ ನಾನಿಡಲಿಲ್ಲ.

ಇನ್ನು ನಿಮ್ಮ ನಡಾವಳಿ ತಾತ. ಗುಮಾಸ್ತಿಕೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಅವರೊಳಗಿನ ಗುಮಾಸ್ತ ಇನ್ನೂ ನಿವೃತ್ತನಾಗಿಲ್ಲ. ಪ್ರತಿ ಸಭೆಯಲ್ಲೂ ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ, "ಹೋದ ಸಲದ್ದು ನಡಾವಳಿಯಲ್ಲಿ ಬಂದಿದೆಯೇನಮ್ಮಾ?" ಎಂದು ಕೇಳುವುದು. ಬಂದಿದೆ ಎಂದರೆ ಓದಿ ಎನ್ನುವುದು. ಓದಿದರೆ ಮೂರನೇ ಸಾಲಿನಲ್ಲಿ ತಪ್ಪಿದೆ ಎನ್ನುವುದು. ಮೊದಲ ಸಭೆಯಲ್ಲೇ ಸಭೆ ನಡೆಸುವ ನಿಯಮಗಳು ಎಂದು ಎರಡು ಹಾಳೆ ಬರೆಸಿ, ಎಲ್ಲರ ಸಹಿ ಹಾಕಿಸಿ, ಒಂದೂವರೆ ಗಂಟೆ ತಿಂದಿದ್ದರು. ಅವತ್ತು ಅವರ ತಲೆಯ ಮೇಲೆ ನಕ್ಷೆಯ ಕೊಳವೆಯಿಂದ ಒಂದು ಕೊಡಬೇಕು ಎನ್ನಿಸಿತ್ತು. ಆ ಎರಡು ಹಾಳೆಯ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೋ.

ನಮ್ಮ ಆಫೀಸಿನವರೇನು ಕಡಿಮೆಯಿಲ್ಲ. ಫೈಲಿನಲ್ಲಿ "ಜನರ ಸಹಭಾಗಿತ್ವ" ಎಂಬ ತಲೆಬರಹದ ಕೆಳಗೆ ಫೋಟೋ ಬೇಕು, ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಹೆಂಗಸರು ಬೇಕು. ನಗುತ್ತಿದ್ದರೆ ಇನ್ನೂ ಒಳ್ಳೆಯದು ಎಂದರು ದೊಡ್ಡವರು. ಬಾಯಿ ಬಿಟ್ಟು ಮಾತಾಡದವರ ಅಭಿಪ್ರಾಯವೂ ಬರಲಿ ಎಂದು ಒಂದು ರಟ್ಟಿನ ಪೆಟ್ಟಿಗೆ, ಹಳದಿ ಚೀಟಿಗಳ ಕಟ್ಟು ಕೊಟ್ಟು ಕಳಿಸಿದರು. ಆ ಉಪಾಯ ನನಗೂ ತುಂಬಾ ಹಿಡಿಸಿತ್ತು. ಸಭೆ ಮುಗಿದ ಮೇಲೆ ಪೆಟ್ಟಿಗೆ ತೆರೆದು, ಚೀಟಿಗಳನ್ನು ಓದಿ, ನೀರು, ಚರಂಡಿ, ದೀಪ, ದಾರಿ ಎಂದು ಗುಂಪು ಮಾಡಿ, ಚೀಟಿಯ ಹಿಂದೆ ಗುಂಪಿನ ಹೆಸರು ಬರೆದು, ಎಣಿಸಿ, ಪಟ್ಟಿ ಹಾಕುವುದು ನನ್ನ ಕೆಲಸ. ಬಣ್ಣಬಣ್ಣದ ಪಟ್ಟಿ. ದೊಡ್ಡವರು ಅದನ್ನು ಬೇರೆ ಊರಿನ ಸಭೆಯಲ್ಲೆಲ್ಲ ತೋರಿಸಿ ಬಂದರು.

ನೀನೂ ಹನ್ನೊಂದು ಸಭೆಗೂ ಬಂದೆ. ಮೂರನೇ ಸಾಲಿನ ತುದಿ, ಗೋಡೆಯ ಪಕ್ಕ, ಮಡಿಲಲ್ಲಿ ಯಾವುದೋ ಶಾಲೆಯ ಸಮವಸ್ತ್ರ, ಗುಂಡಿ ಹಾಕುತ್ತಾ. ಒಂದು ಮಾತೂ ಆಡಲಿಲ್ಲ. ನನ್ನ ಪಾಲಿಗೆ ನೀನು ನನ್ನವಳು, ನಿನ್ನ ಕೈ ನನ್ನ ಕಡೆಗೇ ಏಳುತ್ತದೆ, ಅದನ್ನು ಎಣಿಸುವ ಅಗತ್ಯವೂ ಇಲ್ಲ ಎಂದುಕೊಂಡಿದ್ದೆ. ಹತ್ತಿರದವರನ್ನು ಎಣಿಸುವುದಿಲ್ಲ ನೋಡು, ಅಲ್ಲೇ ಮೊದಲ ತಪ್ಪು.

ಈಗ ಮೈದಾನದ ದಿನಕ್ಕೆ ಬರುತ್ತೇನೆ. ಕಾಗದದ ನಕ್ಷೆ ಯಾರಿಗೂ ಅರ್ಥವಾಗುವುದಿಲ್ಲ ಎಂದು, ಶಾಲೆಯ ಹಿಂದಿನ ಮೈದಾನದಲ್ಲಿ ಹೊಸ ಮನೆಗಳನ್ನು ಸುಣ್ಣದ ಪುಡಿಯಿಂದ ನಿಜದ ಅಳತೆಗೇ, ಅಷ್ಟಗಲ ಅಷ್ಟುದ್ದ ಬರೆದೆವು. ಗೋಡೆ ಇರುವ ಕಡೆ ಗೆರೆ, ಬಾಗಿಲು ಕಿಟಕಿ ಇರುವ ಕಡೆ ಗೆರೆ ಬಿಟ್ಟು ಖಾಲಿ. ಒಳಗೆ ಓಡಾಡಿ ನೋಡಲಿ, ಆಮೇಲೆ ಕೈ ಎತ್ತಲಿ ಎಂದು. ಬೆಳಿಗ್ಗೆ ಗೆರೆ ಎಳೆಯುವಾಗಲೇ ನಮ್ಮ ಮೇಸ್ತ್ರಿ ತಲೆ ಕೆರೆದುಕೊಂಡು, "ಮೇಡಂ, ಬೇಡ. ಆಕಾಶದ ಕೆಳಗೆ ಎಷ್ಟು ದೊಡ್ಡ ಕೋಣೆ ಬರೆದ್ರೂ ಸಣ್ಣದಾಗೇ ಕಾಣೋದು. ಪಾಯ ನೋಡಿ ಅಳದೇ ಇರೋ ಮನೆ ಯಜಮಾನ ನನಗಿನ್ನೂ ಸಿಕ್ಕಿಲ್ಲ" ಅಂದ. ನನಗೂ ಅದು ಗೊತ್ತಿತ್ತು, ಕಾಲೇಜಿನ ಮೊದಲ ವರ್ಷದ ಪಾಠ. ಆದರೆ ನಗರಸಭೆಯ ಸಾಹೇಬರು ಹತ್ತೂವರೆಗೆ ಬರುತ್ತಾರೆ ಎಂದು ಗೊತ್ತಾಗಿತ್ತು, ಕುರ್ಚಿ ಬಂದಾಗಿತ್ತು, ಫೋಟೋದವನು ಬಂದಾಗಿತ್ತು.

ಮೇಸ್ತ್ರಿ ಹೇಳಿದ ಹಾಗೇ ಆಯಿತು. ಜನ ಗೆರೆಯೊಳಗೆ ಕಾಲಿಟ್ಟವರೇ, "ಇದೇನಿದು, ಕೋಳಿಗೂಡಾ?" ಎಂದರು. "ನಾನು ಮಲಗಿದ್ರೆ ಕಾಲು ಪಕ್ಕದ ಮನೇಲಿರುತ್ತೆ" ಎಂದು ಯಾರೋ ಉದ್ದಕ್ಕೆ ಮಲಗಿ ತೋರಿಸಿದರು, ಎಲ್ಲರೂ ನಕ್ಕರು. ಈಗಿರುವ ಮನೆಗಿಂತ ಪ್ರತಿ ಕೋಣೆಯೂ ಒಂದು ಮೊಳ ಹೆಚ್ಚು ಎಂದು ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಆಗ ನಿನ್ನನ್ನು ನೋಡಿದೆ. ನೀನು ನಿನ್ನ ಮನೆಯ ಗೆರೆಯೊಳಗೆ ಹೋಗಿ, ಕೊರಳಲ್ಲಿದ್ದ ಟೇಪು ತೆಗೆದು, ಬಗ್ಗಿ, ಕೋಣೆಯನ್ನು ಅಳೆಯುತ್ತಿದ್ದೆ. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಈ ಮೈದಾನದಲ್ಲಿ ಒಬ್ಬಳಿಗಾದರೂ ಅಳತೆ ಎಂದರೇನೆಂದು ಗೊತ್ತಿದೆ, ಅವಳು ನನ್ನ ಚಿಕ್ಕಮ್ಮ ಎಂದುಕೊಂಡೆ.

ಅಳೆದಾದ ಮೇಲೆ ನೀನು ಕೂತುಬಿಟ್ಟೆ, ಬರಿ ಮಣ್ಣಿನ ಮೇಲೆ, ಬಾಗಿಲ ಕಡೆ ಮುಖ ಮಾಡಿ. ಎರಡು ಕೈ ಮುಂದೆ ಚಾಚಿ, ಬಲಕ್ಕೆ ಒಂದು ಸಲ ನೋಡಿದೆ, ಎಡಕ್ಕೆ ಒಂದು ಸಲ ನೋಡಿದೆ. ಬಿಸಿಲಿಗೆ ಸುಸ್ತಾಯಿತು ಎಂದು ನಾನು ಗಾಬರಿಯಾಗಿ, "ಚಿಕ್ಕಮ್ಮಂಗೆ ಒಂದು ಕುರ್ಚಿ ತಗೊಂಡು ಹೋಗಿ" ಎಂದು ಕೂಗಿದೆ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ನೀನು ಆ ಕುರ್ಚಿ ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಎದ್ದು, ಸೊಂಟದ ಮಣ್ಣು ಕೊಡವಿಕೊಂಡು, ಕುರ್ಚಿಯನ್ನು ಮುಟ್ಟದೆ ಹೊರಗೆ ನಡೆದೆ.

ಬೇಡ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ನಿನ್ನದು. ಟೇಪು ಇನ್ನೂ ಆ ಕೈಯಲ್ಲೇ ಇತ್ತು. ನಿನ್ನ ಹಿಂದೆ ಗಡಿಯಾರ ರಿಪೇರಿಯವರು, ಚಪ್ಪಲಿ ಹೊಲಿಯುವ ಎಡಚಣ್ಣ, ಕಸೂತಿಯ ಅಕ್ಕತಂಗಿಯರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೊಂದೇ ಕೈ ಎತ್ತಿದರು. ಬೇಕು ಎಂದವರು ಇಪ್ಪತ್ತೇಳು, ಬೇಡ ಎಂದವರು ಮೂವತ್ತಮೂರು. ಸಾಹೇಬರು ಗಡಿಯಾರ ನೋಡಿಕೊಂಡು, "ಜನರ ತೀರ್ಮಾನ, ಏನು ಮಾಡೋಕಾಗುತ್ತೆ" ಎಂದು ಕಾರು ಹತ್ತಿದರು. ಅವರಿಗೆ ಬೇಕಾದದ್ದೂ ಅದೇ ತಾನೆ? ಹನ್ನೆರಡು ಅಂತಸ್ತು ಅಲ್ಲಿ ಖಾಲಿ ಬಿದ್ದಿದೆ.

ಅವತ್ತು ಸಂಜೆ ನಿನ್ನ ಮನೆಯಲ್ಲಿ ನಾನು ಆಡಿದ ಮಾತು ನಿನಗೆ ನೆನಪಿದೆ, ನನಗೂ ನೆನಪಿದೆ, ಆದರೂ ಬರೆಯುತ್ತೇನೆ. "ಎಲ್ಲಾರೂ ಬೇಡ ಅಂದ್ರೆ ಅನ್ಲಿ, ನೀನೇ ಹೀಗೆ ಮಾಡಿದ್ರೆ ಹೇಗೆ? ನಿನ್ನ ಕೈಯಾರೆ ಬೀದಿ ಕೆಡವಿದೆ" ಅಂದೆ. ನೀನು, "ನಾನು ಮೂರು ಸಲ ಬರೆದು ಕೊಟ್ಟಿದ್ದೀನಿ ಕಣೆ. ನಾಲ್ಕನೇ ಸಲ ಕೇಳೋಕೆ ನಾನೇನು ಭಿಕ್ಷೆ ಬೇಡ್ತಿದ್ದೀನಾ?" ಅಂದೆ. ಏನು ಬರೆದು ಕೊಟ್ಟಿದ್ದೆ ಎಂದು ನಾನು ಕೇಳಬಹುದಿತ್ತು. ಕೇಳುವುದೇ ನನ್ನ ಉದ್ಯೋಗವಲ್ಲವೇ? ಅದರ ಬದಲು, "ನಿನಗೆ ನಕ್ಷೆ ಅರ್ಥ ಆಗಲ್ಲ ಬಿಡು ಚಿಕ್ಕಮ್ಮ" ಅಂದುಬಿಟ್ಟೆ. ನೀನು ಎದ್ದುಹೋಗಿ ಮಿಷನ್ ಮುಂದೆ ಕೂತೆ. ಅವತ್ತು ಶುರುವಾದ ಸದ್ದು ಇನ್ನೂ ನಿಂತಿಲ್ಲ.

ನಕ್ಷೆ ನನಗೆ ಕಲಿಸಿದವಳು ಯಾರು? ಅಮ್ಮ ಆಸ್ಪತ್ರೆಯ ಹಗಲು ಪಾಳಿಗೆ ಹೋಗುವಾಗ ನನ್ನನ್ನು ನಿನ್ನಲ್ಲಿ ಬಿಟ್ಟು ಹೋಗುತ್ತಿದ್ದಳು. ನೀನು ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ನನ್ನ ಮನೆ. ಮೇಲಿಂದ ತುಂಡುಗಳು ಬೀಳುತ್ತಿದ್ದವು, ನಾನು ಕೆಳಗೆ ಅವನ್ನು ಜೋಡಿಸಿ ಕೋಣೆ, ಬಾಗಿಲು, ಅಂಗಳ ಮಾಡುತ್ತಿದ್ದೆ. ಹಳೆಯ ಪೇಪರಿನ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ನೀನು ಅಂಗಿಯ ಬೆನ್ನು ಬರೆಯುವುದನ್ನು ನೋಡಿಯೇ, ದೊಡ್ಡ ವಸ್ತುವೊಂದು ಚಪ್ಪಟೆಯಾಗಿ ಕಾಗದದ ಮೇಲೆ ಮಲಗಬಲ್ಲದು ಎಂದು ನನಗೆ ಗೊತ್ತಾದದ್ದು. ಇಂಥವಳಿಗೆ ನಕ್ಷೆ ಅರ್ಥವಾಗುವುದಿಲ್ಲ ಎಂದೆ. ನನ್ನ ನಾಲಿಗೆಗೆ ಏನಾಗಿತ್ತೋ.

ಇನ್ನೂ ಒಂದು ನೆನಪು. ಗಿರಾಕಿಗಳು ಬಂದು ಅಳತೆ ಬಾಯಲ್ಲಿ ಹೇಳಿದರೆ ನೀನು ಬರೆದುಕೊಳ್ಳುತ್ತಿರಲಿಲ್ಲ. "ನಿಮಗೆ ಸರಿಯಾಗಿ ಕೂರೋ ಒಂದು ಹಳೇ ಅಂಗಿ ತಗೊಂಡ್ಬನ್ನಿ" ಎಂದು ಕಳಿಸುತ್ತಿದ್ದೆ. ತಂದ ಅಂಗಿಯನ್ನು ಮೇಜಿನ ಮೇಲೆ ಹಾಸಿ, ಎಲ್ಲಿ ಸವೆದಿದೆ, ಎಲ್ಲಿ ಹೊಲಿಗೆ ಎಳೆದಿದೆ, ಯಾವ ತೋಳು ಹೆಚ್ಚು ಮಾಸಿದೆ ಎಂದು ಕೈಯಾಡಿಸಿ ನೋಡುತ್ತಿದ್ದೆ. ಯಾಕೆ ಅವರನ್ನೇ ಕೇಳಬಾರದು ಎಂದು ನಾನು ಕೇಳಿದ್ದಕ್ಕೆ, "ಬಾಯಿ ಆಸೆ ಹೇಳುತ್ತೆ ಮಗಾ, ಅಂಗಿ ಮೈ ಹೇಳುತ್ತೆ" ಅಂದಿದ್ದೆ. ಹನ್ನೊಂದು ಸಭೆಯಲ್ಲಿ ನಾನು ಬಾಯಿಗಳನ್ನು ಕೇಳಿದೆ. ಅರವತ್ತು ಹಳೇ ಮನೆ ಕಣ್ಣೆದುರಿಗೇ ಇದ್ದವು, ಒಂದರಲ್ಲಾದರೂ ಯಾರು ಎಲ್ಲಿ ಕೂರುತ್ತಾರೆ, ನೆಲ ಎಲ್ಲಿ ಸವೆದಿದೆ ಎಂದು ಬಗ್ಗಿ ನೋಡಲಿಲ್ಲ.

ಸೋತ ಮೇಲೆ ವರದಿ ಬರೆಯಬೇಕಿತ್ತು. ಸುಲಭವಾಗಿ ಬರೆದೆ. "ನೆಲದ ಮೇಲಿನ ಗುರುತು ಚಿಕ್ಕದಾಗಿ ಕಂಡಿದ್ದರಿಂದ ಹಾಗೂ ನಿವಾಸಿಗಳಿಗೆ ನಕ್ಷೆಯ ತಿಳಿವಳಿಕೆ ಇಲ್ಲದ್ದರಿಂದ ಯೋಜನೆ ತಿರಸ್ಕೃತವಾಗಿದೆ." ದೊಡ್ಡವರು ಭೇಷ್ ಎಂದರು. ತಪ್ಪು ಆಕಾಶದ್ದು ಮತ್ತು ನಿಮ್ಮದು, ನಮ್ಮದೇನೂ ಇಲ್ಲ. ಆ ಹಾಳೆಯನ್ನು ಈಗ ನೆನೆದರೆ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕು ಎನ್ನಿಸುತ್ತದೆ.

ಹೋದ ವಾರ ನಡಾವಳಿ ತಾತ ಆಫೀಸಿಗೇ ಬಂದರು. ಬಸ್ಸಿಳಿದು, ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತಾ. ಹನ್ನೊಂದು ಸಭೆಯ ಚೀಟಿಗಳು ಮೂಲರೂಪದಲ್ಲಿ ನಡಾವಳಿಗೆ ಸೇರಬೇಕು, ಕೊಡಿ ಎಂದರು. ಇವರ ಕಾಟ ತಪ್ಪಿದರೆ ಸಾಕು ಎಂದು ಪೆಟ್ಟಿಗೆ ಇಳಿಸಿ ಅವರೆದುರಿಗೇ ಎಣಿಸತೊಡಗಿದೆ. ದೀಪದ ಗುಂಪಿನಲ್ಲಿ ಹದಿನಾಲ್ಕು. ಅದರಲ್ಲಿ ಮೂರು ಚೀಟಿ ನಾಲ್ಕು ಮಡಿಕೆ ಮಡಚಿದ್ದವು, ನೀಲಿ ಪೆನ್ಸಿಲ್ಲಿನವು. "ಬೆಳಕು ಎಡಗಡೆಯಿಂದ ಬರಬೇಕು." ಎರಡನೆಯ ಸಭೆಯದು. "ಬೆಳಕು ಎಡಗಡೆಯಿಂದ ಬರಬೇಕು, ಕೂತು ಕೆಲಸ ಮಾಡುವವರಿಗೆ." ಐದನೆಯ ಸಭೆಯದು. ಒಂಬತ್ತನೆಯದರಲ್ಲಿ ಅದೇ ಮಾತು, ಎಡಗಡೆ ಎನ್ನುವುದರ ಕೆಳಗೆ ಎರಡು ಗೆರೆ. ಮೂರರ ಹಿಂದೆಯೂ ನನ್ನದೇ ಅಕ್ಷರದಲ್ಲಿ "ದೀಪ". ನಿನ್ನ ಮೂರು ಚೀಟಿಗೆ ಉತ್ತರವಾಗಿ ನಾನು ಬೀದಿಗೆ ಹೆಚ್ಚುವರಿ ದೀಪದ ಕಂಬ ಹಾಕಿದ್ದೆ ಚಿಕ್ಕಮ್ಮ.

ನಕ್ಷೆ ಬಿಡಿಸಿ ನೋಡಿದೆ. ಎರಡೆರಡು ಮನೆಗೆ ಒಂದು ಜೋಡಿ. ಎರಡರ ಬಚ್ಚಲೂ ಬೆನ್ನಿಗೆ ಬೆನ್ನು ಬಂದರೆ ಒಂದೇ ಪೈಪು ಸಾಕು ಎಂದು, ಒಂದು ಮನೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪಕ್ಕದ ಮನೆ ಮಾಡುವುದು ನಮ್ಮ ಕಸುಬಿನ ರೂಢಿ. ಹಾಗಾಗಿ ಬಾಗಿಲಿಗೆ ಮುಖ ಮಾಡಿ ಕೂತರೆ ಅರ್ಧ ಮನೆಗಳಿಗೆ ಕಿಟಕಿ ಎಡಕ್ಕೆ, ಅರ್ಧ ಮನೆಗಳಿಗೆ ಬಲಕ್ಕೆ. ನಿನ್ನದು ಬಲಕ್ಕೆ. ಬಲದಿಂದ ಬೆಳಕು ಬಂದರೆ ಮಿಷನ್ನಿನ ಮೈಯೇ ಸೂಜಿಗೆ ಅಡ್ಡ, ಹೊಲಿಗೆ ಬೀಳುವ ಜಾಗ ಕತ್ತಲೆ. ಮಿಷನ್ ತಿರುಗಿಸಿ ಇಟ್ಟರೆ ಬೀದಿಗೆ ಬೆನ್ನು, ಯಾರು ಬಂದರು ಯಾರು ಹೋದರು ಗೊತ್ತಾಗುವುದಿಲ್ಲ, ಬಂದ ಗಿರಾಕಿ ನಿನ್ನ ಜಡೆಯ ಜೊತೆ ಮಾತಾಡಬೇಕು. ಮೂವತ್ತು ವರ್ಷ ನೀನು ಎಡಗಡೆಯ ಕಿಟಕಿಯ ಪಕ್ಕದಲ್ಲೇ, ಬೀದಿಗೆ ಮುಖ ಮಾಡಿಯೇ ಕೂತಿದ್ದೆ. ನಾನು ಬೆಳೆದದ್ದೇ ಆ ಬೆಳಕಿನಲ್ಲಿ.

ಮೈದಾನದಲ್ಲಿ ನೀನು ಸುಸ್ತಾಗಿ ಕೂತದ್ದಲ್ಲ. ಕೆಲಸಕ್ಕೆ ಕೂತು ತೋರಿಸುತ್ತಿದ್ದೆ. ಮೂರು ಸಲ ಬರೆದರೂ ಚೀಟಿಗೆ ಬೆಲೆಯಿಲ್ಲ, ಇನ್ನು ಕೂತು ತೋರಿಸಿದರಾದರೂ ಈ ಹುಡುಗಿಗೆ ಕಾಣುತ್ತದೇನೋ ಎಂದು. ನಾನು ಕುರ್ಚಿ ಕಳಿಸಿದೆ. ಅದರ ಫೋಟೋ ಇದೆ, ಫೈಲಿನಲ್ಲಿ ಹಾಕಿದ್ದಾರೆ. ಅಡಿಬರಹ: "ಹಿರಿಯ ನಾಗರಿಕರಿಗೆ ಆಸನ ವ್ಯವಸ್ಥೆ".

ಮಿಕ್ಕ ಚೀಟಿಗಳನ್ನೂ ಓದಿದೆ, ಈ ಸಲ ಗುಂಪು ಮಾಡದೆ. ಗಡಿಯಾರದವರದು: "ಮಧ್ಯಾಹ್ನದ ಬಿಸಿಲು ಮೇಜಿಗೆ ಹೊಡೆಯಬಾರದು, ಚಕ್ರಗಳು ಕಾಣುವುದಿಲ್ಲ." ಕಸೂತಿಯವರದು ನಿನ್ನದೇ ಮಾತು. ಎಡಚಣ್ಣನದು ಓದಿ ನಗು ತಡೆಯಲಾಗಲಿಲ್ಲ, "ನನಗೆ ಎಲ್ಲ ಉಲ್ಟಾ, ಬಲಗಡೆ ಕಿಟಕಿ ಕೊಡಿ." ಅವನಿಗೆ ನಾವು ಎಡಕ್ಕೆ ಕೊಟ್ಟಿದ್ದೇವೆ! ನಿಮ್ಮಿಬ್ಬರ ಮನೆ ಅದಲು ಬದಲು ಮಾಡಿದ್ದರೆ ಮುಗಿಯುತ್ತಿತ್ತು. ಹದಿನಾಲ್ಕು ಚೀಟಿಯಲ್ಲಿ ಹನ್ನೊಂದು ದೀಪದ ಮಾತೇ ಅಲ್ಲ. ಬರೆದ ಮನೆಗಳು ಒಂಬತ್ತು, ಒಂಬತ್ತೂ ಅವತ್ತು ಬೇಡ ಎಂದು ಕೈ ಎತ್ತಿದವು.

ನನಗೆ ತಡೆಯಲಾಗದ್ದು ಇದು. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗಬೇಕಿರಲಿಲ್ಲ. ಯಾವ ಮನೆ ಯಾರಿಗೆ ಎನ್ನುವುದನ್ನು ಮನೆ ಸಂಖ್ಯೆಯ ಪ್ರಕಾರ ಹಂಚುವ ಬದಲು, ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿ ಹಂಚಿದ್ದರೆ ಸಾಕಿತ್ತು. ದಿನವಿಡೀ ಹೊರಗೆ ದುಡಿಯುವವರಿಗೆ ಕಿಟಕಿ ಯಾವ ಕಡೆಗಿದ್ದರೇನು? ದೊಡ್ಡವರ ಮುಂದೆ ಹೋಗಿ ಇದನ್ನು ಹೇಳಿದರೆ, "ಸಭೆಗಳು ಮುಗಿದಿವೆ. ಸಂಖ್ಯೆ ಬದಲಾಯಿಸಿದ್ರೆ ಎಲ್ಲಾ ಕಾಗದ ಮತ್ತೆ ಮಾಡ್ಬೇಕು. ನೀನು ಭಾವುಕಳಾಗ್ತಿದ್ದೀಯ" ಎಂದರು. ನಗರಸಭೆಯಲ್ಲಿ ಸಾಹೇಬರ ಬಾಗಿಲ ಹೊರಗೆ ಎರಡು ದಿನ ಕೂತೆ. ತಿಂಗಳ ಕೊನೆಗೆ ಫೈಲು ಮುಚ್ಚುತ್ತದೆ, ಆಮೇಲೆ ನೀವು ಅರವತ್ತು ಮನೆಯವರೂ ಊರಾಚೆಗೆ ಎಂದು ಹೇಳಿ ಕಳಿಸಿದರು. ನಿನಗೆ ಒಂಬತ್ತನೇ ಅಂತಸ್ತು ಬಂದಿದೆ, ಪಟ್ಟಿ ನೋಡಿ ಬಂದೆ. ಒಂದು ಗುಂಡಿ ಹಾಕಿಸಿಕೊಳ್ಳಲು ಅಲ್ಲಿಗೆ ಯಾರು ಹತ್ತಿ ಬರುತ್ತಾರೆ?

ನನ್ನ ಸಿಟ್ಟು ಇನ್ನೂ ಮುಗಿದಿಲ್ಲ, ನಿನ್ನ ಮೇಲಿನದೂ. ಮೂರು ಚೀಟಿ ಬರೆಯುವ ಬದಲು ನೀನು ನನ್ನ ಕಿವಿ ಹಿಡಿದು ಎಳೆದುಕೊಂಡು ಹೋಗಿ ಮಿಷನ್ ಮುಂದೆ ಕೂರಿಸಬಾರದಿತ್ತೇ? ಸಣ್ಣವಳಿದ್ದಾಗ ಎಷ್ಟು ಸಲ ಹಿಡಿದಿಲ್ಲ ಆ ಕಿವಿಯನ್ನು! ನಿನ್ನ ಸ್ವಾಭಿಮಾನಕ್ಕೊಂದು ದೊಡ್ಡ ನಮಸ್ಕಾರ. ಅದರ ಬೆಲೆ ಬೀದಿಯೇ ಆಗಬೇಕೆ? ಈ ಮಾತನ್ನು ಬರೆಯುವ ಹಕ್ಕು ನನಗಿಲ್ಲ ಎಂದು ಗೊತ್ತು, ಹೊಡೆದುಹಾಕೋಣ ಎಂದು ಪೆನ್ನು ಎತ್ತಿದೆ, ಆದರೆ ನಿಜವಾಗಿ ಅನ್ನಿಸಿದ್ದು, ಇರಲಿ.

ದಾರಿ ತೋರಿಸಿದ್ದು ಯಾರು ಗೊತ್ತೇ, ನಡಾವಳಿ ತಾತ. ನಗರಸಭೆಯಿಂದ ಬರಿಗೈಲಿ ಬಂದು ನಾನು ಚೀಟಿ ಹಿಡಿದು ಮೇಜಿಗೆ ತಲೆಯಿಟ್ಟು ಕೂತಿದ್ದನ್ನು, ಚೀಟಿ ಒಯ್ಯಲು ಮತ್ತೆ ಬಂದ ಅವರು ನೋಡಿ, ಚೀಲದಿಂದ ಆ ಎರಡು ಹಾಳೆ ತೆಗೆದರು. ಮೊದಲ ಸಭೆಯ ನಿಯಮಗಳು, ನಗರಸಭೆಯ ಮೊಹರು ಸಮೇತ. "ಏಳನೇದು ಓದಮ್ಮಾ" ಎಂದರು. ಒಂದು ತೀರ್ಮಾನವನ್ನು ಬೀದಿ ಮತ್ತೊಮ್ಮೆ ಪರಿಶೀಲಿಸಬಹುದು, ಆದರೆ ಅದಕ್ಕೆ ಅರ್ಜಿ ಕೊಡಬೇಕಾದವರು ಆ ತೀರ್ಮಾನದ ಪರ ಕೈ ಎತ್ತಿದವರೇ ಆಗಿರಬೇಕು. ಅಂದರೆ ಬೇಡ ಎಂದವರೇ, ಮತ್ತೆ ನೋಡೋಣ ಎನ್ನಬೇಕು. "ಮೊದಲು ಕೈ ಎತ್ತಿದ್ದು ನಿಮ್ಮ ಚಿಕ್ಕಮ್ಮ. ಅವಳು ಸಹಿ ಹಾಕಿದ್ರೆ ಮಿಕ್ಕೋರು ಹಾಕ್ತಾರೆ. ಹೋಗಿ ಕೇಳು" ಎಂದು ಎದ್ದರು. ಬಾಗಿಲ ಹತ್ತಿರ ನಿಂತು, "ಒಂದೂವರೆ ಗಂಟೆ ವೇಸ್ಟು ಮಾಡಿದೆ ಅಂತ ಅವತ್ತು ನನ್ನ ಬೈಕೊಂಡಿದ್ದೆ ಅಲ್ವಾ?" ಎಂದರು. ಈ ಸಲ ಅವರ ಕಾಲಿಗೆ ಬಿದ್ದೆ. ನಿಜವಾಗಿಯೂ ಬಿದ್ದೆ.

ಈ ಪತ್ರದ ಜೊತೆ ಆ ಅರ್ಜಿ ಇದೆ. ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಮನೆ ಅದಲು ಬದಲು ಮಾಡಿಕೊಳ್ಳಲು ಒಂಬತ್ತು ಮನೆಗೆ ಒಂಬತ್ತು ಮನೆಯವರು ಒಪ್ಪಬೇಕು, ನಿನ್ನ ಎಡಚಣ್ಣನಷ್ಟು ಸುಲಭವಾಗಿ ಎಲ್ಲರೂ ಸಿಗುವುದಿಲ್ಲ. ಚರಂಡಿ ಜಗಳದವರು ಪಕ್ಕಪಕ್ಕ ಬಂದರೆ ಇನ್ನೊಂದು ರಾಮಾಯಣ. ಮನೆಮನೆಗೆ ಹೋಗಿ, ಕೂತು, ಅವರ ಹಳೇ ಮನೆ ನೋಡಿ ಮಾತಾಡಬೇಕು, ಅದು ನನ್ನೊಬ್ಬಳಿಂದ ಆಗುವ ಕೆಲಸವಲ್ಲ. ಹನ್ನೊಂದು ಸಭೆಯಲ್ಲಿ ಅದು ಸಾಬೀತಾಗಿದೆ. ನೀನು ಜೊತೆಗೆ ಬಂದರೆ ಆದೀತು. ತಿಂಗಳು ಮುಗಿಯುವುದು ಭಾನುವಾರ, ಅರ್ಜಿಗೆ ಅದೇ ಕೊನೆಯ ದಿನ.

ಅರ್ಜಿಯಲ್ಲಿ "ಕಾರಣ" ಎಂದು ಒಂದು ಖಾನೆ ಇದೆ. ಅದನ್ನು ನಿನಗೆ ಖಾಲಿ ಬಿಟ್ಟಿಲ್ಲ, ನಾಲ್ಕನೇ ಸಲ ಬರೆಯುವುದು ನಿನ್ನ ಕೆಲಸವಲ್ಲ. ಅಲ್ಲಿ ನಾನೇ ಬರೆದಿದ್ದೇನೆ, ನಿನ್ನ ಮಾತು, ಒಂದಕ್ಷರ ತಿದ್ದದೆ, ಎಡಗಡೆ ಎನ್ನುವುದರ ಕೆಳಗೆ ಎರಡು ಗೆರೆ ಹಾಕಿ. ಕೆಳಗೆ ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ನಕ್ಷೆ ಅರ್ಥವಾಗದವಳು ನಾನು ಚಿಕ್ಕಮ್ಮ. ಮೊದಲ ಸಾಲಿನಲ್ಲಿ ಬರುವುದಿಲ್ಲ ಎಂದಿದ್ದ ಕ್ಷಮೆ ಇದೇ.

ಸಹಿ ಹಾಕುವುದಾದರೆ ಭಾನುವಾರ ಬೆಳಿಗ್ಗೆ ನೀನು ಕೆಲಸ ಶುರುಮಾಡುವ ಹೊತ್ತಿಗೆ ಮೈದಾನಕ್ಕೆ ಬಾ. ಮೇಸ್ತ್ರಿ ಮತ್ತೆ ಗೆರೆ ಎಳೆಯುತ್ತಾನೆ, ಸುತ್ತ ಕಂಬ ನೆಟ್ಟು ಹಗ್ಗ ಕಟ್ಟುತ್ತಾನೆ. ನಿನ್ನಲ್ಲಿರುವ ಹಳೆಯ ಬಟ್ಟೆಯ ಥಾನು ತಂದರೆ ಗೋಡೆಯ ಹಾಗೆ ಇಳಿಬಿಡೋಣ, ಕೋಣೆ ತನ್ನ ಅಳತೆಗೆ ಬರುತ್ತದೆ. ಚೀಟಿ ಇರುವುದಿಲ್ಲ, ಮೈಕು ಇರುವುದಿಲ್ಲ, ಫೋಟೋದವನಿಗೆ ಹೇಳಿಲ್ಲ. ಅವತ್ತು ಕೂತ ಹಾಗೇ ನೆಲದ ಮೇಲೆ ಕೂರು. ಈ ಸಲ ಕುರ್ಚಿ ಕಳಿಸುವುದಿಲ್ಲ. ನಾನೂ ಬಂದು ನಿನ್ನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತೇನೆ.

ಮನೆ ಎಲ್ಲೇ ಆಗಲಿ, ನಿನ್ನ ಸೂಜಿಯ ಮೇಲೆ ಕೊನೆಯವರೆಗೂ ನೆರಳು ಬೀಳದಿರಲಿ.

ನಿನ್ನ ಮೇಜಿನ ಕೆಳಗೆ ಮನೆ ಕಟ್ಟಿಕೊಂಡಿದ್ದ,
ನಿನ್ನ ಹುಡುಗಿ